ನಮ್ಮ ಮೂತ್ರವನ್ನು ಯಾರು ನೋಡುತ್ತಾರೆ?

ಊರಿನವರ ಮಲಮೂತ್ರವನ್ನು ತಲೆಯ ಮೇಲೆ ಹೊತ್ತ ಜನ ನಾವು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದು ಈ ರಾಜ್ಯದಲ್ಲಿ ನಿಲ್ಲಬೇಕು ಎಂದು ಆಜ್ಞೆಯಾಯಿತು. ಅಷ್ಟು ತಲೆಮಾರು ಊರಿನ ಕೊಳೆ ನೋಡಿಕೊಂಡ ನಾವು ಇವತ್ತು ಕೇಳುತ್ತಿರುವುದು ಒಂದೇ ಮಾತು. ವರ್ಷಕ್ಕೆ ಒಂದು ಸಲ ನಮ್ಮ ಮೂತ್ರವನ್ನು ಯಾರಾದರೂ ನೋಡಿ.

ನಗಬೇಡಿ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕೇರಿಗಳಲ್ಲಿ ಶುಗರ್ ಇಲ್ಲದ ಮನೆ ಹುಡುಕಿ ನೋಡಿ. ಮುಕ್ರಿ ಕೇರಿಗೆ ಹೋಗಿ, ಆಗೇರ ಕೇರಿಗೆ ಹೋಗಿ, ಹಳ್ಳೇರ ಕೇರಿಗೆ ಹೋಗಿ. ಹತ್ತು ವರ್ಷದಿಂದ ಗುಳಿಗೆ ನುಂಗುವ ಅಮ್ಮಂದಿರನ್ನು ಕೇಳಿ: "ನಿಮ್ಮ ಬೆರಳು ಚುಚ್ಚಿ ರಕ್ತ ನೋಡಿದಾರಾ?" "ಹೌದು, ನೋಡಿದಾರೆ." "ಮೂತ್ರ ನೋಡಿದಾರಾ?" "ಅದೆಂತಕ್ಕೆ ನೋಡ್ತಾರೆ?" ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ಕೊಡಲಿಲ್ಲ. ಆದ್ದರಿಂದ ನಾವು ಕೊಡುತ್ತಿದ್ದೇವೆ.

ನಮ್ಮ ಬೆನ್ನಿನ ಕೆಳಗೆ ಎರಡೂ ಬದಿಗೆ ಒಂದೊಂದು ಮೂತ್ರಪಿಂಡ ಇದೆ. ಅದನ್ನೇ ನಾವು ಕಿಡ್ನಿ ಎನ್ನುತ್ತೇವೆ. ಒಂದೊಂದರಲ್ಲಿ ಹೆಚ್ಚುಕಡಿಮೆ ಹತ್ತು ಲಕ್ಷ ಸಣ್ಣ ಸಣ್ಣ ಸೋಸಣಿಗೆಗಳಿವೆ. ರಕ್ತದಲ್ಲಿನ ಕಸವನ್ನು ಮೂತ್ರಕ್ಕೆ ಬಿಡುವುದು, ಬೇಕಾದ್ದನ್ನು ಒಳಗೇ ಉಳಿಸಿಕೊಳ್ಳುವುದು ಇವುಗಳ ಕೆಲಸ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ಈ ಸೋಸಣಿಗೆಗಳಿಗೆ ಮೊದಲು ಕೆಲಸ ಜಾಸ್ತಿಯಾಗುತ್ತದೆ. ಆಮೇಲೆ ಅವುಗಳ ಕಣ್ಣು ಹಿಗ್ಗುತ್ತದೆ. ಒಳಗೆ ಉಳಿಯಬೇಕಾದ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಅದರ ಹೆಸರು ಆಲ್ಬುಮಿನ್. ಬಿಪಿಯೂ ಜೊತೆಗಿದ್ದರೆ ಸೋಸಣಿಗೆ ಒಂದೊಂದಾಗಿ ಗಾಯಗೊಂಡು ಮುಚ್ಚಿಹೋಗುತ್ತವೆ.

ಈ ಸೋರಿಕೆ ನೋಯುವುದಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ಹೊಟ್ಟೆನೋವು ಇಲ್ಲ. ಹತ್ತು ವರ್ಷ, ಹದಿನೈದು ವರ್ಷ ಮನುಷ್ಯ ದುಡಿಯುತ್ತಲೇ ಇರುತ್ತಾನೆ. ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಕೂಡ ಮೊದಮೊದಲು ಸುಳ್ಳು ಹೇಳುತ್ತದೆ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋದ ಮೇಲೆಯೇ ಅದು ಎದ್ದು ಕಾಣುವಷ್ಟು ಏರುವುದು. ಮುಖ ಊದಿ, ಕಾಲು ಬಾತು, ಊಟ ಕಂಡರೆ ವಾಂತಿ ಬಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಸೋಸಣಿಗೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಆಗ ದಾಕ್ತರು ಕೇಳುತ್ತಾರೆ: "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?"

ನಾವು ಎಲ್ಲಿಗೂ ಹೋಗಿರಲಿಲ್ಲ ಸ್ವಾಮಿ. ನಿಮ್ಮ ತೋಟದಲ್ಲೇ ಇದ್ದೆವು. ನಿಮ್ಮ ಮನೆಗೆ ಕೆಂಪುಕಲ್ಲು ಹೊರುತ್ತಿದ್ದೆವು. ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆಯುತ್ತಿದ್ದೆವು. ನೀವು ನೋಡಲಿಲ್ಲ.

ಮೂತ್ರದಲ್ಲಿ ಆಲ್ಬುಮಿನ್ ಇದೆಯೋ ಇಲ್ಲವೋ ನೋಡುವುದಕ್ಕೆ ದೊಡ್ಡ ಯಂತ್ರ ಬೇಡ, ಮಣಿಪಾಲ ಬೇಡ. ಒಂದು ಸಣ್ಣ ಬಾಟಲಿ ಸಾಕು. ಸಕ್ಕರೆ ಕಾಯಿಲೆ ಗೊತ್ತಾದ ದಿನವೇ ಈ ಪರೀಕ್ಷೆ ಮಾಡಬೇಕು, ಆಮೇಲೆ ಪ್ರತಿ ವರ್ಷ ಮಾಡಬೇಕು ಎಂದು ಜಗತ್ತಿನ ವೈದ್ಯರೆಲ್ಲ ಒಪ್ಪಿದ್ದಾರೆ. ಯಾಕೆಂದರೆ ಟೈಪ್ ಎರಡು ಸಕ್ಕರೆ ಕಾಯಿಲೆಯವರಲ್ಲಿ ಹತ್ತು ಜನಕ್ಕೆ ಮೂರು ನಾಲ್ಕು ಜನರಿಗೆ ಮುಂದೆ ಕಿಡ್ನಿ ಕೆಡುತ್ತದೆ. ಯಾರಿಗೆ ಕೆಡುತ್ತದೆ ಎಂದು ಮುಖ ನೋಡಿ ಹೇಳಲಾಗದು. ಮೂತ್ರ ನೋಡಿ ಹೇಳಬಹುದು.

ಹೇಳಿದರೆ ಪ್ರಯೋಜನ ಏನು? ಇದೆ. ಲೋಸಾರ್ಟಾನ್ ಎಂಬ ಬಿಪಿ ಮಾತ್ರೆ ಸಕ್ಕರೆ ಕಾಯಿಲೆಯವರ ಕಿಡ್ನಿ ಹಾಳಾಗುವುದನ್ನು ನಿಧಾನ ಮಾಡುತ್ತದೆ ಎಂಬುದು 2001ರಲ್ಲೇ ರುಜುವಾತಾಗಿದೆ. 2019 ಮತ್ತು 2020ರಲ್ಲಿ ಇನ್ನೊಂದು ಜಾತಿಯ ಮಾತ್ರೆಗಳೂ ಕಿಡ್ನಿಯನ್ನು ಕಾಯುತ್ತವೆ ಎಂದು ಸಿದ್ಧವಾಯಿತು. ಅದರಲ್ಲಿ ಒಂದು ಡಾಪಾಗ್ಲಿಫ್ಲೋಜಿನ್. ಇಂಡಿಯಾದಲ್ಲಿ ಅದರ ಪೇಟೆಂಟ್ 2020ರಲ್ಲಿ ಮುಗಿಯಿತು. ಎಂಪಾಗ್ಲಿಫ್ಲೋಜಿನ್ ಎಂಬುದರ ಪೇಟೆಂಟ್ 2025ರಲ್ಲಿ ಮುಗಿಯಿತು. ಕಂಪನಿಗಳ ಬೇಲಿ ಬಿದ್ದು ಬೆಲೆ ಇಳಿದಿದೆ. ಹಾಗಾದರೆ ಔಷಧ ಇದೆ, ಬೆಲೆ ಇಳಿದಿದೆ, ವಿದ್ಯೆ ಇದೆ, ದಾರಿ ಗೊತ್ತಿದೆ. ಇಲ್ಲದಿರುವುದು ಏನು? ನಮ್ಮನ್ನು ಮನುಷ್ಯರೆಂದು ಎಣಿಸುವ ಮನಸ್ಸು.

"ಶುಗರ್ ಅಂದರೆ ಶ್ರೀಮಂತರ ಕಾಯಿಲೆ, ನಿಮಗೆ ಹೇಗೆ ಬಂತು?" ಎಂದು ಕೇಳುವವರು ಇದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಗೋವಾದಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಮಂದಿಗೆ ಇದೆ, ಅದು ದೇಶಕ್ಕೇ ಮೊದಲು. 10 ಕೋಟಿ ಜನ ಶ್ರೀಮಂತರಾಗಿದ್ದರೆ ಈ ದೇಶ ಹೀಗಿರುತ್ತಿತ್ತೇ?

ಬಂಧುಗಳೇ, ಬಾಬಾಸಾಹೇಬರಿಗೂ ಇದೇ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನ ಬರೆಯುವ ವರ್ಷಗಳಲ್ಲಿ ಅವರ ಕಾಲುಗಳಲ್ಲಿ ನರದ ನೋವು. 1948ರಲ್ಲಿ ಅವರು ಕೈಹಿಡಿದ ಸವಿತಾ ಅವರು ಸ್ವತಃ ಡಾಕ್ಟರ್. ಇನ್ಸುಲಿನ್ ಚುಚ್ಚುವುದಕ್ಕೆ, ಪಥ್ಯ ನೋಡುವುದಕ್ಕೆ ಮನೆಯಲ್ಲೇ ಒಬ್ಬರಿದ್ದರು. ಆದರೂ ಕಾಯಿಲೆ ಬಾಬಾಸಾಹೇಬರ ದೇಹವನ್ನು ತಿಂದಿತು. 1956ರ ಡಿಸೆಂಬರ್ 6ರಂದು ಹೋದಾಗ ಅವರಿಗೆ 65 ವರ್ಷ. ಡಾಕ್ಟರ್ ಹೆಂಡತಿ ಇದ್ದ ಬಾಬಾಸಾಹೇಬರಿಗೇ ಹೀಗಾದರೆ, ದಾಕ್ತರ ಮುಖವನ್ನು ವರ್ಷಕ್ಕೊಮ್ಮೆ ನೋಡುವ ನಮ್ಮ ಕೇರಿಯವರ ಗತಿ ಏನು? ಪ್ರತಿ ಡಿಸೆಂಬರಿನಲ್ಲಿ ಅವರ ಪಟಕ್ಕೆ ಹಾರ ಹಾಕುತ್ತೇವೆ. ಅವರನ್ನು ನರಳಿಸಿದ ಕಾಯಿಲೆಯ ವಿಚಾರ ಮಾತ್ರ ಒಂದು ದಿನವೂ ವೇದಿಕೆಯಲ್ಲಿ ಎತ್ತಿಲ್ಲ. ಇದು ನಮ್ಮದೇ ತಪ್ಪು.

ಇನ್ನೊಂದು ಮಾತು ಕೇಳಿ. ಮನುಷ್ಯನ ಕಿಡ್ನಿಯ ಸೋಸಣಿಗೆಗಳೆಲ್ಲ ತಾಯಿಯ ಹೊಟ್ಟೆಯೊಳಗೇ ಆಗಿ ಮುಗಿಯುತ್ತವೆ. ತುಂಬು ದಿನಕ್ಕೆ ಹುಟ್ಟಿದ ಕೂಸಿಗೆ ಹುಟ್ಟಿದ ಮೇಲೆ ಹೊಸದೊಂದೂ ಸೇರುವುದಿಲ್ಲ. ತೂಕ ಕಡಿಮೆ ಇದ್ದು ಹುಟ್ಟಿದ ಕೂಸಿಗೆ ಸೋಸಣಿಗೆಯೂ ಕಡಿಮೆ ಎಂದು ವಿಜ್ಞಾನ ಹೇಳುತ್ತದೆ. ಹೊಟ್ಟೆಯೊಳಗೆ ಬರಗಾಲ ಕಂಡ ಕೂಸು ಬೆಳೆದು ದೊಡ್ಡದಾದಾಗ ಸಕ್ಕರೆ ಕಾಯಿಲೆಗೂ ಬೇಗ ಸಿಗುತ್ತದೆ ಎಂದೂ ಹೇಳುತ್ತದೆ. ಹುಟ್ಟಿದಾಗಿನ ಅಳತೆಗೂ ಮುಂದೆ ಬರುವ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದೇ ಹುಡುಕಿದ್ದಾರೆ.

ಹಾಗಾದರೆ ತಾಯಿಯ ಹೊಟ್ಟೆ ಯಾಕೆ ಬರಿದಾಗಿತ್ತು? 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಒಡೇರ ಮನೆಯ ಕೂಲಿಯಾಳಿಗೆ ಏನು ಕೊಟ್ಟಿತು? ಅವನ ಹೆಸರಲ್ಲಿ ಗೇಣಿ ಚೀಟಿ ಇರಲಿಲ್ಲ, ಆದ್ದರಿಂದ ಭೂಮಿಯೂ ಇಲ್ಲ. ಬಸುರಿ ಹೆಂಗಸು ತಿಳಿಗಂಜಿ ಕುಡಿದು ನಾಟಿ ಮಾಡಿದಳು. ಆ ಗಂಜಿಯಲ್ಲಿ ಬೆಳೆದ ಕೂಸಿಗೆ ಇವತ್ತು ಐವತ್ತು ವರ್ಷ. ಇವತ್ತು ಅವನಿಗೆ ಶುಗರ್, ಬಿಪಿ, ಕಿಡ್ನಿ ಫೇಲು. ಕರ್ಮ ಅನ್ನುತ್ತಾರೆ ಪುರೋಹಿತರು. ಲೈಫ್‌ಸ್ಟೈಲ್ ಅನ್ನುತ್ತಾರೆ ದಾಕ್ತರು. ಎರಡೂ ಒಂದೇ. ತಪ್ಪನ್ನು ನಮ್ಮ ತಲೆಗೆ ಕಟ್ಟುವ ಎರಡು ಹೆಸರು. ನಾವು ಅದಕ್ಕೆ ಜಾತಿ ಎನ್ನುತ್ತೇವೆ. ಜಾತಿ ನಮ್ಮ ಕೇರಿಯಲ್ಲಿ ಮಾತ್ರ ಇಲ್ಲ, ನಮ್ಮ ಕಿಡ್ನಿಯೊಳಗೂ ಇದೆ.

ದಾಕ್ತರ ಉಪದೇಶ ನೋಡಿ. "ದಿನಾ ವಾಕಿಂಗ್ ಮಾಡಿ." ಬುಟ್ಟಿ ಹೊತ್ತು ಮನೆಮನೆ ತಿರುಗುವವಳಿಗೆ ವಾಕಿಂಗ್! "ಅನ್ನ ಕಡಿಮೆ ಮಾಡಿ, ತರಕಾರಿ ತಿನ್ನಿ, ಬೇಳೆ ತಿನ್ನಿ." 2013ರಲ್ಲಿ ಅನ್ನಭಾಗ್ಯ ಬಂತು, ಹಸಿವಿನ ಹೊಟ್ಟೆ ತುಂಬಿತು. ಅದನ್ನು ಹಗುರ ಮಾಡುವವರ ಜೊತೆ ನಾವಿಲ್ಲ. ಆದರೆ ಕುಚ್ಚಲಕ್ಕಿ ಉಂಡ ಕರಾವಳಿಗೆ ಬೆಳ್ಳಗೆ ಮಾಡಿದ ಅಕ್ಕಿ ಬಂತು. ಅಕ್ಕಿ ಬಂದಷ್ಟು ಬೇಳೆ ಬರಲಿಲ್ಲ, ಸೊಪ್ಪು ಬರಲಿಲ್ಲ, ಮೊಟ್ಟೆ ಬರಲಿಲ್ಲ. ಬೆಳ್ಳಕ್ಕಿ ಅನ್ನ, ಉಪ್ಪಿನ ಒಣಮೀನು, ಸಕ್ಕರೆ ಹಾಕಿದ ಚಾ. ಇದು ನಾವು ಆರಿಸಿಕೊಂಡ ಊಟ ಅಲ್ಲ, ನಮ್ಮ ಕೂಲಿಗೆ ಸಿಗುವ ಊಟ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗರದ ಬಿಸಿಲಲ್ಲಿ ಉಪ್ಪು ಎಳೆದು ಬೆವರಾಗಿ ಹೋಗುವ ಮೈಗೆ ನೆರಳು, ಕುಡಿಯುವ ನೀರು ಕೊಡಿ ಎಂದು ಒಡೆಯರಿಗೆ ಯಾರು ಹೇಳುತ್ತಾರೆ? ನೀರು ಬತ್ತಿದ ಮೈಯಲ್ಲಿ ಮೊದಲು ಪೆಟ್ಟು ಬೀಳುವುದು ಕಿಡ್ನಿಗೇ.

ಕಿಡ್ನಿ ಪೂರ್ತಿ ಕೈಕೊಟ್ಟ ಮೇಲೆ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ರಕ್ತವನ್ನು ಹೊರಗೆ ತೆಗೆದು ಯಂತ್ರದಲ್ಲಿ ತೊಳೆದು ಒಳಗೆ ಬಿಡುವುದು. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಕೇರಿಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುವ ಊರು ನಮ್ಮದು, ನೆನಪಿರಲಿ. 2016ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಬಡವರಿಗೆ ಉಚಿತ ಡಯಾಲಿಸಿಸ್ ಕಾರ್ಯಕ್ರಮ ಸಾರಿತು. ಅದನ್ನು ಓದಿದ ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಅವರಿಗೇ 2018ರಲ್ಲಿ ಕಿಡ್ನಿ ಕಸಿ ಮಾಡಬೇಕಾಯಿತು. ತುರ್ತುಪರಿಸ್ಥಿತಿಯ ಸೆರೆಯಲ್ಲಿ 1975ರಲ್ಲಿ ಜಯಪ್ರಕಾಶ ನಾರಾಯಣರ ಕಿಡ್ನಿ ಕೆಟ್ಟು, ಸಾಯುವ ತನಕ ಅವರು ಡಯಾಲಿಸಿಸ್ ಮೇಲೆ ಬದುಕಿದರು. ಕಾಯಿಲೆ ಮಂತ್ರಿಯನ್ನೂ ಬಿಡುವುದಿಲ್ಲ, ನಾಯಕನನ್ನೂ ಬಿಡುವುದಿಲ್ಲ, ನಿಜ. ಆದರೆ ಅವರಿಗೆ ಯಂತ್ರ ಕಾಯುತ್ತದೆ. ನಾವು ಯಂತ್ರವನ್ನು ಕಾಯುತ್ತೇವೆ.

ಉಚಿತ ಎಂದರೆ ಯಾವುದು ಉಚಿತ? ಸೂಜಿ ಉಚಿತ ಇರಬಹುದು. ವಾರಕ್ಕೆ ಮೂರು ದಿನದ ಕೂಲಿ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ? ಜೊತೆಗೆ ಬರುವ ಮಗನ ಕೂಲಿ? ಮಳೆಗಾಲದಲ್ಲಿ ಬಸ್ಸಿಲ್ಲದ ಕೇರಿಯಿಂದ ಪೇಟೆಗೆ ಆಟೋ? ನಮ್ಮ ಕೇರಿಯ ಒಬ್ಬ ಅಕ್ಕ ಮೂರು ಸಲದ ಡಯಾಲಿಸಿಸ್ಸನ್ನು ತಾನೇ ಎರಡಕ್ಕೆ ಇಳಿಸಿದಳು. "ಯಾಕಕ್ಕಾ?" ಎಂದರೆ, "ಒಂದಿನ ಆದ್ರೂ ಕೆಲ್ಸಕ್ಕೆ ಹೋಗೂದು ಬೇಡ್ವಾ?" ಎಂದಳು. ಆಮೇಲೆ ಒಂದಕ್ಕೆ ಇಳಿಸಿದಳು. ಆಮೇಲೆ ಅವಳಿಲ್ಲ. ಆ ಸಾವನ್ನು ಯಾವ ಕಾಗದದಲ್ಲೂ ಬಡತನ ಎಂದು ಬರೆಯಲಿಲ್ಲ.

ದೇಶದ ಕಿಡ್ನಿ ರೋಗಿಗಳ ಒಂದು ದೊಡ್ಡ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 31 ಮಂದಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿತ್ತು. ಇನ್ನು 16 ಮಂದಿಯ ಮುಂದೆ "ಕಾರಣ ತಿಳಿದಿಲ್ಲ" ಎಂದು ಇತ್ತು. ಆ 16ರಲ್ಲಿ ಹೆಚ್ಚಿನವರು ಬಡವರು, ಕಾಯಿಲೆ ಪೂರ್ತಿ ಬಲಿತ ಮೇಲೆ ಬಂದವರು. ಕಾರಣ ಯಾಕೆ ತಿಳಿಯಲಿಲ್ಲ? ತಿಳಿಯುವ ಕಾಲಕ್ಕೆ ಅವರನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಹೊಸ ಕಾಲದ ಅಸ್ಪೃಶ್ಯತೆ ಎಂದರೆ ಇದೇ.

ಇನ್ನು ದೊಡ್ಡ ಆಸ್ಪತ್ರೆಯ ಮಾತು. ಮೂತ್ರಪಿಂಡದ ತಜ್ಞರು ಬೇಕು ಎಂದರೆ ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಸುಮಾರು 150. ಇಲ್ಲದಿದ್ದರೆ ಮಂಗಳೂರು, ಹುಬ್ಬಳ್ಳಿ, ಗೋವಾ. ಈ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2019ರಲ್ಲಿ ಜನ ಕೂಗಿದರು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. ಆಗ ಮತ್ತೆ ಕೂಗಿದರು, ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ ಎಂದರು. ಆ ಕೂಗಿನಲ್ಲಿ ನಮ್ಮ ಕೂಗೂ ಸೇರಿದೆ. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇವೆ. ದೊಡ್ಡ ಆಸ್ಪತ್ರೆಯ ಕಲ್ಲುಕಟ್ಟಡ ಮಾತ್ರ ಬಂದರೆ ನಮಗೆ ಸಾಲದು. ಅದು ಕಿಡ್ನಿ ಕೆಟ್ಟವರಿಗೆ. ಕಿಡ್ನಿ ಕೆಡದ ಹಾಗೆ ನೋಡಬೇಕಾದ್ದು ಕೇರಿಯ ಪಕ್ಕದ ಉಪಕೇಂದ್ರದಲ್ಲಿ. ಮಂತ್ರಿಗಳಿಗೆ ಶಂಕುಸ್ಥಾಪನೆಗೆ ದೊಡ್ಡ ಕಲ್ಲು ಬೇಕು. ನಮಗೆ ಸಣ್ಣ ಬಾಟಲಿ ಬೇಕು.

ಕಿಡ್ನಿ ಕಸಿಯ ಕತೆ ಕೇಳಿದರೆ ಮೈ ಉರಿಯುತ್ತದೆ. 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬರುವ ಮೊದಲು ಈ ದೇಶದ ಪಟ್ಟಣಗಳಲ್ಲಿ ಕಿಡ್ನಿಯ ಸಂತೆ ನಡೆಯಿತು. ಮಾರಿದವರು ಸಾಲದಲ್ಲಿ ಮುಳುಗಿದ ಬಡವರು, ಕೊಂಡವರು ಹಣವಂತರು. ಕಾಯ್ದೆ ಬಂದ ಮೇಲೂ ಕಳ್ಳಸಂತೆಯ ಸುದ್ದಿ ನಿಂತಿಲ್ಲ. ನಮ್ಮ ಕೈಯ ನೀರು ಮೈಲಿಗೆ. ನಮ್ಮ ನೆರಳು ಮೈಲಿಗೆ. ಬಡವನ ಹೊಟ್ಟೆ ಕೊಯ್ದು ತೆಗೆದ ಕಿಡ್ನಿ ಮಾತ್ರ ಯಾರಿಗೂ ಮೈಲಿಗೆ ಅಲ್ಲ!

ನಮ್ಮವರಿಗೂ ನಾಲ್ಕು ಮಾತು ಹೇಳಬೇಕು. ಸಿಟ್ಟು ಮಾಡಬೇಡಿ.

ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುತ್ತೀರಿ. ಡೈಕ್ಲೋಫೆನಾಕ್‌ನಂಥ ಗುಳಿಗೆ ನೋವನ್ನು ಅಡಗಿಸುತ್ತದೆ, ಕಿಡ್ನಿಯನ್ನು ಕೊಲ್ಲುತ್ತದೆ. ಒಡೆಯನ ಕೆಲಸ ತಪ್ಪಬಾರದು ಎಂದು ನಮ್ಮ ಕಿಡ್ನಿಯನ್ನು ನಾವೇ ಕೂಲಿಗೆ ಕೊಡುತ್ತಿದ್ದೇವೆ. ಬಿಡಿ ಅದನ್ನು. ಮನೆಮದ್ದು ಎಂದು ಬಿಂಬಲಕಾಯಿ ಹಿಂಡಿ ಲೋಟಗಟ್ಟಲೆ ಕುಡಿದವರ ಕಿಡ್ನಿ ನಿಂತುಹೋದದ್ದನ್ನು ಪಕ್ಕದ ಕೇರಳದ ವೈದ್ಯರು 2013ರಲ್ಲೇ ಬರೆದಿದ್ದಾರೆ. ಸಾರಿಗೆ ಒಂದೆರಡು ಹಾಕುವುದು ಬೇರೆ, ಔಷಧ ಎಂದು ಕುಡಿಯುವುದು ಬೇರೆ. ಹೆಸರಿಲ್ಲದ ಪುಡಿ, ಗೊತ್ತಿಲ್ಲದ ಬೇರಿನ ಕಷಾಯ ಬೇಡ. ಮೈ ಹಗುರಾಯಿತು ಎಂದು ಮಾತ್ರೆ ನಿಲ್ಲಿಸುವುದು ಬೇಡ. ದೇವರಿಗೆ ಹರಕೆ ಹೊತ್ತು ಬಿಪಿ ನೋಡಿಸದೆ ಇರುವುದು ಬೇಡ. ಬಿಪಿ 130ರ ಮೇಲೆ 80ರ ಒಳಗೆ ಇರಬೇಕು, ಸಕ್ಕರೆಯ ಮೂರು ತಿಂಗಳ ಸರಾಸರಿ ಹೆಚ್ಚಿನವರಿಗೆ 7ರ ಆಸುಪಾಸು ಇರಬೇಕು. ಈ ಎರಡು ಅಂಕಿಯನ್ನು ನಿಮ್ಮ ರೇಶನ್ ಕಾರ್ಡಿನ ನಂಬರಿನ ಹಾಗೆ ನೆನಪಿಡಿ. ಮನೆಯ ಹುಡುಗ ಹುಡುಗಿಯರೇ, ಅವ್ವ ಅಪ್ಪನ ಆಸ್ಪತ್ರೆ ಚೀಟಿಯನ್ನು ಓದಿ. ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಎಂಬ ಎರಡು ಮಾತು ಅದರಲ್ಲಿ ಇಲ್ಲದಿದ್ದರೆ ಮರುದಿನವೇ ಹೋಗಿ ಕೇಳಿ. ಓದು ಕಲಿತದ್ದು ಇದಕ್ಕೂ ಹೌದು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಬಾಯಾರಿಕೆಗೆ ಕುಡಿದದ್ದಲ್ಲ. ನಾವೂ ಎಲ್ಲರಂತೆ ಮನುಷ್ಯರು ಎಂದು ಹೇಳಲಿಕ್ಕೆ ಕುಡಿದದ್ದು. ನಾವು ಬಾಟಲಿ ಹಿಡಿದು ಆಸ್ಪತ್ರೆಯ ಮುಂದೆ ನಿಲ್ಲುವುದೂ ಅದಕ್ಕೇ. ಜನರ ಪೌಷ್ಟಿಕತೆ, ಆರೋಗ್ಯ ಸುಧಾರಿಸುವುದು ಪ್ರಭುತ್ವದ ಮೊದಲ ಕರ್ತವ್ಯಗಳಲ್ಲಿ ಒಂದು ಎಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ ಶುಗರ್ ನೋಡುತ್ತೇವೆ ಎಂದು ರಾಜ್ಯ ಸರ್ಕಾರವೇ ಹೇಳಿದೆ. ಹಾಗಾದರೆ ಊರ ಕೊನೆಯ ಮನೆ ಮೊದಲು. ಅದು ನಮ್ಮ ಕೇರಿ.

ನಮ್ಮ ಬೇಡಿಕೆಗಳು ಇವು:

1. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರೆಲ್ಲರಿಗೆ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಉಚಿತವಾಗಿ ಆಗಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು.

2. ಕಿಡ್ನಿ ಕಾಯುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲೇ, ಒಂದು ತಿಂಗಳಿಗೆ ಸಾಕಾಗುವಷ್ಟು ಸಿಗಬೇಕು. "ಹೊರಗೆ ತಗೊಳ್ಳಿ" ಎಂದು ಚೀಟಿ ಬರೆಯುವುದು ನಿಲ್ಲಬೇಕು.

3. ಡಯಾಲಿಸಿಸ್‌ಗೆ ಹೋಗುವ ದಿನದ ಕೂಲಿಯನ್ನೂ ರೋಗಿಯ, ಜೊತೆಗಾರನ ಬಸ್ ಖರ್ಚನ್ನೂ ಸರ್ಕಾರ ಕೊಡಬೇಕು. ಯಂತ್ರ ನಡೆಸುವವರಿಗೆ ಗುತ್ತಿಗೆಯ ನೇಣು ಬೇಡ, ಕಾಯಂ ಕೆಲಸ ಕೊಡಬೇಕು.

4. ತಿಂಗಳಿಗೆ ಒಂದು ದಿನವಾದರೂ ಮೂತ್ರಪಿಂಡದ ತಜ್ಞರು ಪ್ರತಿ ತಾಲ್ಲೂಕು ಆಸ್ಪತ್ರೆಗೆ ಬರಬೇಕು.

5. ರೇಶನ್ನಿನಲ್ಲಿ ಕರಾವಳಿಗೆ ಕುಚ್ಚಲಕ್ಕಿಯನ್ನೂ ಬೇಳೆಯನ್ನೂ ಕೊಡಬೇಕು. ಬಸುರಿಯರಿಗೆ ಕೊಡುವ ಪೌಷ್ಟಿಕ ಆಹಾರ ಕೇರಿಯ ಬಾಗಿಲಿಗೆ ಮುಟ್ಟಬೇಕು.

6. ಆಗರ, ಕಲ್ಲುಕ್ವಾರಿ, ತೋಟದ ಕೆಲಸದವರಿಗೆ ನೆರಳು, ಕುಡಿಯುವ ನೀರು, ನಡುಹಗಲಿನ ವಿರಾಮ ಸಿಗಬೇಕು.

7. ಕಿಡ್ನಿ ಕೆಟ್ಟು ಸತ್ತವರ ಲೆಕ್ಕವನ್ನು ತಾಲ್ಲೂಕುವಾರು, ಜಾತಿವಾರು ಪ್ರಕಟಿಸಬೇಕು. ಎಣಿಸದ ಸಾವು ಸಾವೇ ಅಲ್ಲ ಎಂಬ ಆಟ ನಿಲ್ಲಬೇಕು.

ಭಿಕ್ಷೆ ಕೇಳುತ್ತಿಲ್ಲ. ಈ ಮೂರು ತಾಲ್ಲೂಕಿನ ತೋಟ, ಆಗರ, ರಸ್ತೆ, ಮನೆ ಎಲ್ಲದರಲ್ಲೂ ನಮ್ಮ ಬೆವರಿದೆ. ನಮ್ಮ ಬೆವರನ್ನು ಕಂಡವರು ನಮ್ಮ ಮೂತ್ರವನ್ನೂ ಕಾಣಲಿ.

ಓದಿದವರು ಓದು ಬಾರದವರಿಗೆ ಓದಿ ಹೇಳಿ. ಮುಂದಿನ ಸಭೆಗೆ ಬರುವಾಗ ಮನೆಯವರ ಆಸ್ಪತ್ರೆ ಚೀಟಿ ಹಿಡಿದು ಬನ್ನಿ. ಒಟ್ಟಿಗೆ ಕೂತು ಓದೋಣ. ಪರೀಕ್ಷೆ ಆಗದವರ ಪಟ್ಟಿ ಮಾಡೋಣ. ಆ ಪಟ್ಟಿ ಹಿಡಿದು ಒಟ್ಟಿಗೇ ಹೋಗೋಣ.

ಜೈ ಭೀಮ್.